ನೋವಿಲ್ಲದ ಬಾವು

ನಮ್ಮ ದೊಡ್ಡಪ್ಪನವರದು ದಾವಣಗೆರೆ ತಾಲ್ಲೂಕಿನ, ಭದ್ರಾ ನಾಲೆಯ ನೀರುಣ್ಣುವ ಊರು. ಸಕ್ಕರೆ ಕಾಯಿಲೆ ಬಂದು ಬಹುಕಾಲವಾಗಿದ್ದರೂ ಬರಿಗಾಲಿನಲ್ಲಿ ಗದ್ದೆಗಿಳಿಯುವುದನ್ನು ಅವರು ಬಿಟ್ಟಿರಲಿಲ್ಲ. ಮಳೆಗಾಲದ ನಾಟಿಯ ಹೊತ್ತಿನಲ್ಲಿ ಅವರ ಬಲಪಾದ ಚಪ್ಪಲಿ ಏರದಷ್ಟು ಊದಿಕೊಂಡಿತು. ಬಿದ್ದದ್ದಾಗಲಿ ಉಳುಕಿದ್ದಾಗಲಿ ನೆನಪಿಲ್ಲ, ಗಾಯವೂ ಕಾಣಲಿಲ್ಲ. ಹುಳ ಮುಟ್ಟಿರಬೇಕೆಂದು ದೊಡ್ಡಮ್ಮ ಅರಿಸಿನ ಹಚ್ಚಿದರು. ನೆರೆಯವರು ಆನೆಕಾಲು ರೋಗದ ಹೆಸರೆತ್ತಿ ಮನೆಮಂದಿಯನ್ನೆಲ್ಲ ಹೆದರಿಸಿದರು. "ನೋವೇ ಇಲ್ಲವಲ್ಲ, ತಾನಾಗಿ ಇಳೀತದೆ ಬಿಡು" ಎಂಬುದು ದೊಡ್ಡಪ್ಪನವರ ತೀರ್ಪು.

ದಾವಣಗೆರೆಯ ವೈದ್ಯರು ಮೊದಲು ಕೇಳಿದ್ದು, ಬಾವು ಒಂದೇ ಕಾಲಿಗೋ ಎರಡಕ್ಕೂ ಇದೆಯೋ ಎಂದು. ಹೃದಯ, ಮೂತ್ರಪಿಂಡ ಇಲ್ಲವೇ ಯಕೃತ್ತಿನ ತೊಂದರೆಯಿಂದ ನೀರು ತುಂಬಿದರೆ ಸಾಮಾನ್ಯವಾಗಿ ಎರಡೂ ಪಾದಗಳು ಊದುತ್ತವೆ, ಒತ್ತಿದಲ್ಲಿ ಗುಳಿ ಬೀಳುತ್ತದೆ. ರಕ್ತದೊತ್ತಡಕ್ಕೆ ನುಂಗುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಹಾಗಾಗುವುದುಂಟು. ಒಂದೇ ಕಾಲಾದರೆ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಚರ್ಮದಡಿಯ ಸೋಂಕು, ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದುವ ಗೌಟ್, ಎಲುಬಿನ ಸಣ್ಣ ಬಿರುಕು ಮುಂತಾದವನ್ನು ನೋಡಬೇಕಾಗುತ್ತದೆ.

ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಾಣಲಿಲ್ಲ. ವೈದ್ಯರು ಅಂಗೈಯ ಹಿಂಬದಿಯಿಂದ ಎರಡೂ ಪಾದಗಳನ್ನು ಮುಟ್ಟಿದರು. ಬಲಪಾದ ಸ್ಪಷ್ಟವಾಗಿ ಬಿಸಿಯಾಗಿತ್ತು. ಮಲಗಿಸಿ ಕಾಲನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದಾಗ ಕೆಂಪು ಕರಗಿತು. ಸೋಂಕಾಗಿದ್ದರೆ ಅದು ಅಷ್ಟು ಸುಲಭವಾಗಿ ಕರಗುವುದಿಲ್ಲವಂತೆ. ಆಮೇಲೆ ತೆಳ್ಳನೆಯ ನೈಲಾನ್ ಎಳೆಯಿಂದ ಅಂಗಾಲನ್ನು ಒತ್ತುತ್ತ "ಯಜಮಾನ್ರೇ, ಗೊತ್ತಾಗ್ತಿದೆಯಾ?" ಎಂದು ಕೇಳುತ್ತ ಹೋದರೆ, ದೊಡ್ಡಪ್ಪನವರು "ಒತ್ತಿದಿರಾ?" ಎಂದು ಮರುಪ್ರಶ್ನೆ ಹಾಕಿದರು.

ಅದು ಶಾರ್ಕೋ ಪಾದ. ಸಕ್ಕರೆ ಕಾಯಿಲೆಯಿಂದ ನರಗಳ ಸ್ಪರ್ಶಜ್ಞಾನ ಕುಂದಿದಾಗ ಪಾದದ 26 ಎಲುಬುಗಳಲ್ಲಿ ಕೆಲವು ಮುರಿದು, ಕೀಲುಗಳು ಜಾರಿದರೂ ರೋಗಿ ನಡೆಯುತ್ತಲೇ ಇರುತ್ತಾನೆ. ಕೊನೆಗೆ ಪಾದದ ಕಮಾನು ಕುಸಿದು, ಅಂಗಾಲಿನಲ್ಲಿ ಹುಣ್ಣಾಗಿ, ಕಾಲನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೂ ಉಂಟು. ನೋವಿಲ್ಲದ್ದನ್ನು ಕಾಯಿಲೆಯೆಂದೇ ಒಪ್ಪದ ನಮ್ಮ ಕಡೆಯವರಿಗೆ ಇದಕ್ಕಿಂತ ಕಪಟದ ರೋಗ ಇನ್ನೊಂದಿರಲಾರದು.

ಇದಕ್ಕೆ ಚಿಕಿತ್ಸೆಯೆಂದರೆ ಮುಖ್ಯವಾಗಿ ಭಾರ ಬೀಳದಂತೆ ಪ್ಲಾಸ್ಟರ್ ಹಾಕಿ ಕೂರಿಸುವುದು. ನಾಟಿ ಮುಗಿದು ತೆನೆ ಬಲಿಯುವ ತನಕ ದೊಡ್ಡಪ್ಪನವರು ಕಟ್ಟೆಯ ಮೇಲೆ ಕುಳಿತೇ ಆಳುಗಳನ್ನು ಗದರಿಸಿದರು. ಎರಡೂ ಪಾದಗಳ ಬಿಸಿಯ ಅಂತರ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು, ಹಾಗೆಯೇ ನಿಂತ ಮೇಲೆ ಪ್ಲಾಸ್ಟರ್ ಬಿಚ್ಚಿ, ಮೆತ್ತನೆಯ ಎಂ.ಸಿ.ಆರ್. (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿ ಮಾಡಿಸಿಕೊಟ್ಟರು. ಈಗ ಬದುವಿನವರೆಗೆ ಹೋಗಲು ಅಪ್ಪಣೆಯಿದೆ, ಕೆಸರಿಗಿಳಿಯಲು ಇಲ್ಲ.