ಕೆಂಪು ಕಲ್ಲಿನ ಕಬ್ಬಿಣ

ಬದಿಯಡ್ಕದ ನಮ್ಮನೆ ಅಂಗಳದಲ್ಲಿ ಲಾರಿಯಿಂದ ಕೆಂಪು ಕಲ್ಲು ಇಳಿಸ್ತಿದ್ದಾರೆ. ಅಂಗಿ, ಕೈ, ಮೊಬೈಲು ಎಲ್ಲಾ ಕೆಂಪು ಪುಡಿ. ಅದು ಕಬ್ಬಿಣದ ಬಣ್ಣ. ಇಡೀ ವಿಶ್ವದ ಕಬ್ಬಿಣದಲ್ಲಿ ದೊಡ್ಡ ಪಾಲು ಸಿಡಿದ ಬಿಳಿ ಕುಬ್ಜ ನಕ್ಷತ್ರಗಳದ್ದು. ಬಿಳಿ ಕುಬ್ಜ ಅಂದರೆ ಉರಿದು ಮುಗಿದ ನಕ್ಷತ್ರದ ಉಳಿಕೆ; ಗಾತ್ರ ಭೂಮಿಯಷ್ಟು, ತೂಕ ಹೆಚ್ಚುಕಮ್ಮಿ ಸೂರ್ಯನಷ್ಟು!

ಪಕ್ಕದ ನಕ್ಷತ್ರದ ಅನಿಲ ಎಳೆದುಕೊಂಡು ಸೂರ್ಯನ 1.4 ಪಟ್ಟು ತೂಕದ ಹತ್ತಿರ ಬಂದರೆ ಸಿಡಿಯುತ್ತವೆ ಅಂತಷ್ಟೇ ಶಾಲೆಯಲ್ಲಿ ಕಲಿತಿದ್ದೆವು. ಆ 1.4ರ ಗಡಿಯೇ ಚಂದ್ರಶೇಖರ್ ಮಿತಿ, ನೆನಪಿದೆ ಅಲ್ವಾ? ಆದರೆ ಎರಡು ಬಿಳಿ ಕುಬ್ಜಗಳು ಒಂದಕ್ಕೊಂದು ಸುತ್ತಿ ಸೇರಿಕೊಂಡರೂ ಸಿಡಿಯಬಹುದಂತೆ. ಕೆಲವಕ್ಕೆ ಆ ಮಿತಿ ಮುಟ್ಟುವ ತನಕ ಕಾಯಬೇಕಾಗಿಯೂ ಇಲ್ಲ.

ಯಾವುದು ಹೇಗೆ ಸಿಡಿಯಿತು ಅನ್ನುವ ಸುಳಿವು ಸಿಗುವುದು ಚೆಲ್ಲಿದ ಧೂಳಿನಲ್ಲಿ. ಮ್ಯಾಂಗನೀಸ್ ಜಾಸ್ತಿ ಇದ್ದರೆ, ಮಿತಿಯ ಹತ್ತಿರ ಹೋಗಿ ಸಿಡಿದದ್ದು ಅಂತ ಲೆಕ್ಕ. ಒತ್ತಿ ತುಂಬಿದ ನಡುಭಾಗದಲ್ಲೇ ಅದು ಅಷ್ಟು ಹುಟ್ಟುವುದು. 1572ರಲ್ಲಿ ಖಗೋಳಶಾಸ್ತ್ರಜ್ಞ ಟೈಕೋ ಬ್ರಾಹೆ ನೋಡಿದ ಇಂಥದ್ದೇ ಸ್ಫೋಟದ ಧೂಳನ್ನು ಇವತ್ತಿಗೂ ಜಾಲಾಡುತ್ತಿದ್ದಾರೆ.