ತಾರೀಖಿಲ್ಲದ ಸೆರೆ

2019ರಲ್ಲಿ ಅಮೆರಿಕದ ಅರಿಜೋನಾದ ಒಂದು ವಲಸೆ ಬಂಧನ ಕೇಂದ್ರಕ್ಕೆ ಹಿಂದಿ ದುಭಾಷಿಯಾಗಿ ಹೋಗುತ್ತಿದ್ದೆ. ಆ ವರ್ಷದ ಆರಂಭದಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ, ಬಂಧನದಲ್ಲೇ ಉಪವಾಸ ಕೂತಿದ್ದ ಭಾರತೀಯರ ಮೂಗಿಗೆ ನಳಿಕೆ ತೂರಿಸಿ ಬಲವಂತವಾಗಿ ಆಹಾರ ಇಳಿಸಿದ ಸುದ್ದಿ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಉಚಿತ ಕಾನೂನು ನೆರವು ಕೊಡುವ ವಕೀಲರ ಗುಂಪೊಂದರಲ್ಲಿ ಸ್ಪ್ಯಾನಿಷ್ ಬಲ್ಲವರು ಬೇಕಾದಷ್ಟು ಮಂದಿ ಇದ್ದರು, ಹಿಂದಿಯವರು ಇರಲಿಲ್ಲ. ತುಮಕೂರಿನಲ್ಲಿ ಪ್ರಚಾರ ಸಭೆಯ ಪರೀಕ್ಷೆ ಕಟ್ಟಿ ಕಲಿತ ಹಿಂದಿ ಅಲ್ಲಿ ಕೆಲಸಕ್ಕೆ ಬಂತು.

ಜೂನ್ ತಿಂಗಳ ಒಂದು ದಿನ ಹರಿಯಾಣದ ಹುಡುಗನೊಬ್ಬ ನಮ್ಮೆದುರು ಬಂದು ಕೂತ. ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದ. ಅವಳ ಅಣ್ಣಂದಿರು ಕೊಲ್ಲಲು ಬಂದಿದ್ದರು. ಅಪ್ಪ ಹೊಲ ಮಾರಿ ಏಜೆಂಟನ ಕೈಗೆ ಹಣವಿಟ್ಟ. ದೆಹಲಿಯಿಂದ ಈಕ್ವೆಡಾರ್‌ಗೆ ವಿಮಾನ, ಕೊಲಂಬಿಯಾ ದಾಟಿ ಪನಾಮಾದ ಡೇರಿಯನ್ ಕಾಡಿನಲ್ಲಿ ಕಾಲ್ನಡಿಗೆ, ಕೊನೆಗೆ ಮೆಕ್ಸಿಕೊ. ಬೇಲಿ ಹಾರಲಿಲ್ಲ. ಗಡಿಯ ಅಧಿಕೃತ ದ್ವಾರದಲ್ಲಿ ನಿಂತು, ತನಗೆ ಆಶ್ರಯ ಬೇಕು ಎಂದು ಕೇಳಿದ. ಹಾಗೆ ಕೇಳಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ. ಅಂದಿನಿಂದ ಒಳಗಿದ್ದಾನೆ.

ಕೋಣೆಯ ಮೇಜನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ಹುಡುಗ ನೀಲಿ ಸಮವಸ್ತ್ರದಲ್ಲಿದ್ದ, ಅಪಾಯಕಾರಿಯಲ್ಲ ಎಂದು ಗುರುತಿಸಿದವರಿಗೆ ಕೊಡುವ ಬಣ್ಣ ಅದು. ಎಡಗೆನ್ನೆ ಊದಿತ್ತು. ಮಾತಾಡುವಾಗ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ. ದವಡೆ ಹಲ್ಲು ಹುಳುಕಾಗಿ, ರಾತ್ರಿಯಿಡೀ ನಿದ್ದೆ ಇಲ್ಲ. ವೈದ್ಯರನ್ನು ಕಾಣಲು ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಅವನಿಗೆ ಇಂಗ್ಲಿಷ್ ಬರದು, ಪಕ್ಕದ ಮಂಚದ ಗ್ವಾಟೆಮಾಲಾದವನಿಗೂ ಬರದು. ಹಲ್ಲಿನ ಚಿತ್ರ ಬರೆದು ಹಾಕಿದ್ದನಂತೆ. ನೋವಿನ ಮಾತ್ರೆ ಕೊಟ್ಟು ಕಳುಹಿಸಿದ್ದರು. ವಕೀಲೆ ನಿಯಮ ವಿವರಿಸಿದರು: ತುರ್ತು ಇದ್ದರೆ ಮಾತ್ರ ಈಗ ನೋಡುತ್ತಾರೆ, ಹಲ್ಲಿನ ಮಾಮೂಲಿ ಚಿಕಿತ್ಸೆ ಏನಿದ್ದರೂ ಬಂಧನ ಆರು ತಿಂಗಳು ದಾಟಿದವರಿಗೆ. ಅದನ್ನು ಹಿಂದಿಗೆ ತರುವಾಗ ನನ್ನ ಗಂಟಲು ಕಟ್ಟಿತು. ಅವನು ನೋವಿನ ಮಾತನ್ನು ಬಿಟ್ಟು, "ದೀದಿ, ಅಂದರೆ ಆರು ತಿಂಗಳು ಇಲ್ಲೇ ಇರುತ್ತೇನಾ?" ಎಂದು ಕೇಳಿದ.

ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಕಳ್ಳತನ ಮಾಡಿ ಜೈಲಿಗೆ ಹೋದವನು ಬಿಡುಗಡೆಯ ದಿನವನ್ನು ಲೆಕ್ಕ ಹಾಕಬಹುದು. ಇವನು ಮಾಡಿದ ಅಪರಾಧವೇ ಇಲ್ಲ, ಆದ್ದರಿಂದ ಶಿಕ್ಷೆಯ ಅವಧಿಯೂ ಇಲ್ಲ. ದ್ವಾರದಲ್ಲಿ ನಿಂತು ಆಶ್ರಯ ಕೇಳಿದವರಿಗೆ ಜಾಮೀನು ಕೊಡುವ ಅಧಿಕಾರ ವಲಸೆ ನ್ಯಾಯಾಧೀಶರಿಗಿಲ್ಲ. ಹಿಡಿದಿಟ್ಟ ಇಲಾಖೆಯೇ ಮನಸ್ಸು ಮಾಡಿ ಬಿಡಬೇಕು. ಆರು ತಿಂಗಳಿಗೊಮ್ಮೆ ಜಾಮೀನು ವಿಚಾರಣೆ ನಡೆಸಬೇಕೆಂದು ಈ ಕಾನೂನು ಹೇಳುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತ್ತು. ಸರ್ಕಾರದ ಖರ್ಚಿನಲ್ಲಿ ವಕೀಲರೂ ಸಿಗುವುದಿಲ್ಲ. ಅಲ್ಲಿ ನಾನು ಕಂಡ ದೊಡ್ಡ ಕ್ರೌರ್ಯ ಈ ಅನಿಶ್ಚಿತತೆಯೇ. ಹೊಡೆತದ ಗಾಯವನ್ನಾದರೂ ತೋರಿಸಬಹುದು, ಇದನ್ನು ಯಾರಿಗೆ ತೋರಿಸುವುದು?

ನಡುವೆ ತಲೆ ಎಣಿಕೆಯ ಹೊತ್ತಾಯಿತು. ಎಣಿಕೆ ಮುಗಿಯುವವರೆಗೆ ಯಾರೂ ಅಲುಗಾಡುವಂತಿಲ್ಲ. ಆ ಬಿಡುವಿನಲ್ಲಿ ಹುಡುಗ ಒಳಗಿನ ಬದುಕನ್ನು ಹೇಳಿದ. ಮಾಂಸ ತಿನ್ನದ ಅವನಿಗೆ ತಟ್ಟೆಯಲ್ಲಿ ಉಳಿಯುತ್ತಿದ್ದದ್ದು ಬ್ರೆಡ್ಡು ಮತ್ತು ಬೀನ್ಸ್. ಅಡುಗೆಮನೆ ತೊಳೆಯುವ ಕೆಲಸಕ್ಕೆ ಸೇರಿದ್ದ. ದಿನಕ್ಕೆ ಒಂದು ಡಾಲರ್. ಅದರಲ್ಲಿ ಒಳಗಿನ ಅಂಗಡಿಯಿಂದ ನೂಡಲ್ಸ್ ಪೊಟ್ಟಣ ಕೊಳ್ಳುತ್ತಿದ್ದ, ಉಳಿದದ್ದು ಅಮ್ಮನಿಗೆ ಫೋನು ಮಾಡಲು. ಈ ಒಂದು ಡಾಲರ್ ಕೂಲಿಯ ವಿರುದ್ಧ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಬಂಧಿತರಾಗಿದ್ದವರು ಹೋರಾಡಿ, 2021ರಲ್ಲಿ ಜೂರಿಯಿಂದ 1.73 ಕೋಟಿ ಡಾಲರ್ ಬಾಕಿ ವೇತನದ ತೀರ್ಪು ಪಡೆದರು. ಓದಿದಾಗ ಈ ಹುಡುಗನ ಒದ್ದೆಯಾಗಿ ಬಿರಿದ ಬೆರಳುಗಳೇ ಕಣ್ಣಿಗೆ ಬಂದವು.

ಎಣಿಕೆ ಮುಗಿದ ಮೇಲೆ ಆಶ್ರಯ ಕೋರುವ ಐ-589 ಅರ್ಜಿ ತುಂಬಿದೆವು. ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಮದುವೆಯ ಪ್ರಮಾಣಪತ್ರ, ಪೊಲೀಸ್ ದೂರಿನ ಪ್ರತಿ ಎಲ್ಲವನ್ನೂ ಅನುವಾದಿಸಿ, ಅನುವಾದ ಸರಿಯಾಗಿದೆ ಎಂದು ಸಹಿ ಮಾಡಿ ಲಗತ್ತಿಸಬೇಕು. ಮನೆಗೆ ಬಂದು ರಾತ್ರಿ ಆ ದೂರನ್ನು ಅನುವಾದಿಸಿದೆ. ಠಾಣೆಯ ಮುನ್ಷಿಯ ಕೈಬರಹ, ಅರ್ಧ ಉರ್ದು ಪದಗಳು. ಒಂದು ತಾರೀಖು ತಪ್ಪಿದರೂ ಸರ್ಕಾರಿ ವಕೀಲರು ಅದನ್ನೇ ಹಿಡಿದು ಹುಡುಗ ಸುಳ್ಳುಗಾರ ಎನ್ನಬಹುದು ಎಂಬ ಭಯದಿಂದ ಪ್ರತಿ ಸಾಲನ್ನೂ ಅವನ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿ ಖಚಿತ ಮಾಡಿಕೊಂಡೆ. ಅರ್ಜಿ ಸಲ್ಲಿಕೆಯಾಯಿತು.

ಮುಂದಿನ ಸಲ ಹೋದಾಗ ಅವನು ಅಲ್ಲಿರಲಿಲ್ಲ. ಎಲ್ಲಿಗೆ ಕಳುಹಿಸಿದ್ದಾರೆಂದು ಕೌಂಟರಿನವರು ಹೇಳಲಿಲ್ಲ. ಬಂಧಿತರಿಗೆ ಕೊಡುವ ಒಂಬತ್ತು ಅಂಕಿಯ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದರೆ ಲೂಸಿಯಾನಾ ಎಂದು ತೋರಿಸಿತು. ಆ ವರ್ಷ ಅಲ್ಲಿನ ಹಲವು ಜೈಲುಗಳು ವಲಸಿಗರನ್ನು ಇಟ್ಟುಕೊಳ್ಳತೊಡಗಿದ್ದವು. ರಾತ್ರೋರಾತ್ರಿ ಸಾವಿರಕ್ಕೂ ಹೆಚ್ಚು ಮೈಲಿ ಆಚೆ, ನಮ್ಮ ವಕೀಲೆಗೆ ಹೋಗಿ ಬರಲಾಗದ ಜಾಗ.

ಕಾಗದಗಳ ಇನ್ನೊಂದು ಪ್ರತಿಯನ್ನು ಹೊಸ ವಿಳಾಸಕ್ಕೆ ಅಂಚೆಗೆ ಹಾಕಿ, ಆ ಕಡೆ ಕೆಲಸ ಮಾಡುವ ವಕೀಲರ ಗುಂಪಿಗೆ ವಿವರವಾಗಿ ಬರೆದೆ, ಹಲ್ಲಿನ ವಿಷಯವನ್ನೂ ಸೇರಿಸಿ. ತಮ್ಮ ಕೈ ತುಂಬಿದೆ, ಆದರೂ ಒಮ್ಮೆ ಹೋಗಿ ನೋಡುತ್ತೇವೆ, ಹಿಂದಿಗೆ ನೀವು ಫೋನಿನಲ್ಲಿ ಸಿಗಬಹುದೇ ಎಂದು ಅವರ ಉತ್ತರ ಬಂತು. ಯಾವ ಹೊತ್ತಿಗಾದರೂ ಸರಿ, ಸಿಗುತ್ತೇನೆ ಎಂದು ಬರೆದು ನನ್ನ ನಂಬರು ಕಳುಹಿಸಿದೆ.