ಖಾಲಿ ಫಿಲ್ಟರ್‌ನಲ್ಲಿ ಸಿಕ್ಕ ಬಿಳಿ ಚೂರುಗಳು

14 ನವೆಂಬರ್ 2024, ಗುರುವಾರ

ಬೆಳಿಗ್ಗೆ ಬ್ಲ್ಯಾಂಕ್ ಫಿಲ್ಟರ್ ನೋಡಲು ಕೂತೆ. ನೀರಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಕಣಗಳನ್ನು ಎಣಿಸಲು ನೀರಿನ ಮಾದರಿಗೆ ಏನೇನು ಮಾಡುತ್ತೇವೋ ಅದನ್ನೆಲ್ಲ ಶುದ್ಧ ನೀರಿಗೂ ಮಾಡಿ ಸೋಸಿದ ಫಿಲ್ಟರ್ ಅದು. ಅದರಲ್ಲಿ ಏನೂ ಇರಬಾರದು. ಒಂದೆರಡು ಎಳೆ ಸಿಕ್ಕರೆ ಗಾಳಿಯಲ್ಲಿ ಬಂದು ಬಿತ್ತು ಅಂದುಕೊಳ್ಳಬಹುದು. ಆದರೆ ಇವತ್ತು ಒಂದು ಅಂಚಿನ ತುಂಬ ಸಣ್ಣ ಬಿಳಿ ಚೂರುಗಳು. ಲೇಸರ್ ಇಟ್ಟಲ್ಲೆಲ್ಲ ಸಾಫ್ಟ್‌ವೇರ್ ‘ಪಾಲಿಎಥಿಲೀನ್’ (ಕ್ಯಾರಿಬ್ಯಾಗ್‌ನ ಪ್ಲಾಸ್ಟಿಕ್) ಅಂತಲೇ ತೋರಿಸಿತು. ಎದೆ ಧಸಕ್ ಅಂತು. ಹೋದ ವಾರದ ಮಾದರಿಗಳಲ್ಲಿ ನಾನು ಎಣಿಸಿದ್ದರಲ್ಲಿ ಜಾಸ್ತಿ ಇದ್ದದ್ದೂ ಪಾಲಿಎಥಿಲೀನೇ.

ಕಣದ ಮೇಲೆ ಲೇಸರ್ ಬಿದ್ದಾಗ ಚದುರುವ ಬೆಳಕು ಹೆಚ್ಚುಕಮ್ಮಿ ಎಲ್ಲವೂ ಬಂದ ಬಣ್ಣದಲ್ಲೇ ವಾಪಸ್ ಹೋಗುತ್ತದೆ. ಕೋಟಿಗೊಂದು ಫೋಟಾನ್ ಮಾತ್ರ ಅಣುವಿನ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. 1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡದ್ದು ಈ ಒಂದು ಚೂರು ಬೆಳಕನ್ನೇ. ಅದರಿಂದ ಇವತ್ತು 1 ಮೈಕ್ರಾನ್‌ನಷ್ಟು ಸಣ್ಣ ಪ್ಲಾಸ್ಟಿಕ್ ಕಣಕ್ಕೂ ಹೆಸರು ಹೇಳಬಹುದು. ಎಷ್ಟು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ.

ಬಣ್ಣ ಎಷ್ಟು ಬದಲಾಯಿತು ಅನ್ನುವುದರ ಗ್ರಾಫೇ ಸ್ಪೆಕ್ಟ್ರಮ್, ಅದರಲ್ಲಿ ಎದ್ದು ನಿಂತ ಗೆರೆಗಳೇ ಪೀಕ್‌ಗಳು. ಪಾಲಿಸ್ಟೈರೀನ್ (ಥರ್ಮೋಕೋಲ್‌ನ ಪ್ಲಾಸ್ಟಿಕ್) ಆದರೆ ಗುರುತು ಹಿಡಿಯುವುದು ಸುಲಭ. 1001ರ (ಈ ಅಳತೆಯೆಲ್ಲ cm⁻¹ನಲ್ಲಿ) ಹತ್ತಿರ ಒಂದೇ ಪೀಕ್ ಕಂಬದ ಹಾಗೆ ನಿಂತಿರುತ್ತದೆ. ಪಾಲಿಎಥಿಲೀನ್‌ಗೆ 1062, 1128, 1295ರ ಸುತ್ತ ಪೀಕ್‌ಗಳು. ಇವು ಬರುವುದು ಉದ್ದನೆಯ ಕಾರ್ಬನ್ ಸರಪಳಿಯಿಂದ. ತೊಂದರೆ ಇರುವುದೇ ಇಲ್ಲಿ. ಅಂಥ ಸರಪಳಿ ಪ್ಲಾಸ್ಟಿಕ್‌ನಲ್ಲಿ ಮಾತ್ರ ಇರುತ್ತದೆ ಅಂತೇನಿಲ್ಲ ಅಲ್ವಾ?

ಆಗ ಕಣ್ಣು ನನ್ನ ಕೈಮೇಲೆ ಹೋಯಿತು. ಗ್ಲೌಸ್ ತಯಾರಿಸುವಾಗ ಅದು ಅಚ್ಚಿಗೆ ಅಂಟಿಕೊಳ್ಳದಿರಲಿ ಅಂತ ಸ್ಟಿಯರೇಟ್ ಉಪ್ಪು ಬಳಸುತ್ತಾರೆ. ಅದು ಸಾಬೂನಿನ ಜಾತಿ, 18 ಕಾರ್ಬನ್‌ಗಳ ಸರಪಳಿ. ಹೊಸ ಗ್ಲೌಸ್ ಹಾಕಿಕೊಂಡು ಇನ್ನೊಂದು ಫಿಲ್ಟರ್‌ನ ಅಂಚನ್ನು ಬೆರಳಿಂದ ಸುಮ್ನೆ ಒಮ್ಮೆ ಒತ್ತಿದೆ. ಮೈಕ್ರೋಸ್ಕೋಪ್ ಕೆಳಗಿಟ್ಟರೆ, ಒತ್ತಿದ ಕಡೆ ಮಾತ್ರ ಅವೇ ಬಿಳಿ ಚೂರುಗಳು. ಪೀಕ್‌ಗಳೂ ಅದೇ ಜಾಗದಲ್ಲಿ. ಈ ಚೂರಿನದು, ಪಾಲಿಎಥಿಲೀನ್‌ನದು, ಎರಡೂ ಸ್ಪೆಕ್ಟ್ರಮ್ ಒಂದರ ಮೇಲೊಂದು ಇಟ್ಟು ತುಂಬಾ ಹೊತ್ತು ನೋಡಿದೆ. 1400ರಿಂದ 1480ರ ನಡುವೆ ಆಕಾರ ಸ್ವಲ್ಪ ಬೇರೆ, ಅಷ್ಟೇ. ಹೋಲಿಸಿ ನೋಡಲು ಇಟ್ಟಿರುವ ಸ್ಪೆಕ್ಟ್ರಮ್‌ಗಳ ಲೈಬ್ರರಿಯಲ್ಲಿ ಸ್ಟಿಯರೇಟ್ ಇಲ್ಲದಿದ್ದರೆ ಸಾಫ್ಟ್‌ವೇರ್ ತನಗೆ ಗೊತ್ತಿರುವುದರಲ್ಲಿ ಹತ್ತಿರದ ಹೆಸರು ಹೇಳುತ್ತದೆ. ಅದರ ತಪ್ಪಲ್ಲ. ಆ ಹೆಸರನ್ನು ಹಾಗೇ ಬರೆದುಕೊಂಡದ್ದು ನಾನು.

ಮಧ್ಯಾಹ್ನ ಇನ್ನೊಂದು ಬ್ಲ್ಯಾಂಕ್ ಮಾಡಿದೆ. ಮಾದರಿಯ ಸಾವಯವ ಕಸ ಕರಗಿಸುವ 30% ಹೈಡ್ರೋಜನ್ ಪೆರಾಕ್ಸೈಡ್ ಹಾಕುವಾಗ ಗ್ಲೌಸ್ ಬೇಕೇ ಬೇಕು, ಚರ್ಮ ಸುಡುತ್ತದೆ. ಆ ಕೆಲಸ ಮುಗಿದ ಕೂಡಲೇ ಗ್ಲೌಸ್ ತೆಗೆದು, ಕೈ ತೊಳೆದು, ಫಿಲ್ಟರನ್ನು ಸ್ಟೀಲ್ ಚಿಮಟದಲ್ಲೇ ಎತ್ತಿದೆ. ಸಂಜೆ ಅದರಲ್ಲಿ ಸಿಕ್ಕಿದ್ದು ಹತ್ತಿಯ ಎರಡು ಎಳೆ, ನನ್ನ ಕೋಟಿನದೇ ಇರಬೇಕು. ಜೊತೆಗೊಂದು ನೀಲಿ ಕಣ. 1528ರಲ್ಲಿ ದೊಡ್ಡ ಪೀಕ್, ಅಂದರೆ ಥಾಲೋಸಯನೀನ್ ಬಣ್ಣ. ಒಳಗಿರುವ ವಸ್ತು ಯಾವುದೆಂದು ಆ ಬಣ್ಣ ಕಾಣಗೊಡಲಿಲ್ಲ. ಅದನ್ನು ಪ್ಲಾಸ್ಟಿಕ್ ಅಂತ ಬರೆಯಲಿಲ್ಲ, ‘ನೀಲಿ ಬಣ್ಣ, ವಸ್ತು ಗೊತ್ತಿಲ್ಲ’ ಅಂತ ಬರೆದೆ.

ಹೋದ ವಾರದ ಎಣಿಕೆಯ ಪುಟಕ್ಕೆ ಅಡ್ಡಗೆರೆ ಎಳೆದು ತಾರೀಖು ಹಾಕಿದೆ. ಗಾಜಿನ ಬಾಟಲಿಗಳಲ್ಲಿ ಅದೇ ನೀರು ಇನ್ನೂ ಉಳಿದಿದೆ. ನಾಳೆ ಮೊದಲಿನಿಂದ ಸೋಸಬೇಕು. ಲೈಬ್ರರಿಗೆ ಸೇರಿಸಲು ನಾವು ಬಳಸುವ ಗ್ಲೌಸ್‌ನ ಸ್ಪೆಕ್ಟ್ರಮ್‌ಗಳನ್ನು ಇವತ್ತೇ ತೆಗೆದಿಟ್ಟಿದ್ದೇನೆ.